ಹಳೆಯ ಬೆಂಚುಗಳನ್ನು ಸೌದೆಗೆ ಹಾಕುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಓದಿದವನು, ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಎಂದರು. ನಾನು ಬೇರೆ ವಿಷಯ ಕೇಳಿ ತೆಗೆದುಕೊಂಡೆ. ಅದು ಮರಗೆಲಸ. ವಾರಕ್ಕೆ ಐದು ದಿನ ಬೆಂಗಳೂರಿನಲ್ಲಿ ಪರದೆ ನೋಡುವ ಕೆಲಸ ನನ್ನದು. ಉಳಿದೆರಡು ದಿನ, ಎಂಟು ವರ್ಷಗಳಿಂದ, ಮನೆಯ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಮರದ ಕೆಲಸ ಮಾಡುತ್ತೇನೆ. ನಾನು ವೃತ್ತಿಯ ಬಡಗಿಯಲ್ಲ. ತಲೆಮಾರುಗಳಿಂದ ಉಳಿ ಹಿಡಿದ ಮನೆಯವರು ಈ ಸಭೆಯಲ್ಲೇ ಕುಳಿತಿದ್ದಾರೆ. ಅವರಿಗೆ ನಾನು ಹೇಳುವುದು ಏನೂ ಇಲ್ಲ. ಉಳಿದವರಿಗೆ ಹೇಳುವುದನ್ನು ಅವರು ಕೇಳಿ ತಿದ್ದಲಿ ಎಂದು ಕೋರುತ್ತೇನೆ.

ಈ ವಿಷಯ ಆರಿಸಲು ಕಾರಣ ನಮ್ಮ ಶಾಲೆಯ ಹಿಂದಿನ ಕೋಣೆ. ಅಲ್ಲಿ 36 ಜೊತೆ ಹಳೆಯ ಬೆಂಚು, ಡೆಸ್ಕುಗಳು ಒಂದರ ಮೇಲೊಂದು ಬಿದ್ದಿವೆ. ಅವನ್ನು ಸೌದೆಗೆ ಹರಾಜು ಹಾಕಿ ಕೋಣೆ ಖಾಲಿ ಮಾಡುವ ಆಲೋಚನೆ ಇದೆ ಎಂದು ಕೇಳಿದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಟೇಪು ಹಿಡಿದು ಒಂದೊಂದನ್ನೂ ನೋಡಿದೆ. ಕೆಲವಕ್ಕೆ ಗೆದ್ದಲು ಹತ್ತಿದೆ. ಹೆಚ್ಚಿನವುಗಳಲ್ಲಿ ಮರ ಗಟ್ಟಿಯಾಗಿದೆ. ಹಲಗೆ ಸೀಳಿದೆ, ಇಲ್ಲವೇ ಕಾಲಿನ ಸಂದು ಸಡಿಲವಾಗಿದೆ, ಅಷ್ಟೆ.

ಮೊದಲು ಲೆಕ್ಕ ನೋಡೋಣ. ಸಾಮಿಲ್‌ನಲ್ಲಿ ಮರವನ್ನು ಘನ ಅಡಿಯಲ್ಲಿ ಮಾರುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲವನ್ನೂ ದಪ್ಪವನ್ನೂ ಅಂಗುಲದಲ್ಲಿ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಮನೆ ಕಟ್ಟಿಸುವವರು ಇದನ್ನು ಕಲಿತಿರಬೇಕು, ಬಿಲ್ಲು ಕೈಗೆ ಬಂದಾಗ ಉಪಯೋಗಕ್ಕೆ ಬರುತ್ತದೆ. ನಮ್ಮ ಹಲಗೆ 6 ಅಡಿ ಉದ್ದ, 10 ಅಂಗುಲ ಅಗಲ, 1 ಅಂಗುಲ ದಪ್ಪ. ಕೂರುವ ಹಲಗೆ ಒಂದು, ಬರೆಯುವ ಹಲಗೆ ಒಂದು. 36 ಜೊತೆಗೆ 72 ಹಲಗೆ. 72ನ್ನು 60ರಿಂದ ಗುಣಿಸಿ 144ರಿಂದ ಭಾಗಿಸಿ: 30 ಘನ ಅಡಿ. ಕಾಲು, ಅಡ್ಡಪಟ್ಟಿಗಳು ಇದರಲ್ಲಿ ಸೇರಿಲ್ಲ. ದಶಕಗಳ ಕಾಲ ಸೂರಿನಡಿ ಒಣಗಿದ 30 ಘನ ಅಡಿ ತೇಗ, ನಂದಿ, ಮತ್ತಿಯ ಹಲಗೆಗೆ ಇವತ್ತಿನ ಬೆಲೆ ಎಷ್ಟೆಂದು ಸಾಮಿಲ್‌ನಲ್ಲಿ ಕೇಳಿ. ಸೌದೆಯ ಬೆಲೆ ನಿಮಗೆ ಗೊತ್ತೇ ಇದೆ.

ಇನ್ನು ಈ ಬೆಂಚುಗಳು ಯಾಕೆ ಕೆಟ್ಟವು? ಇದು ತಿಳಿದರೆ ಮರಗೆಲಸದ ಅರ್ಧ ತಿಳಿದಂತೆ. ಮರ ಎಂದರೆ ಉದ್ದುದ್ದಕ್ಕೆ ಕಟ್ಟಿಟ್ಟ ಸಣ್ಣ ಕೊಳವೆಗಳ ಕಂತೆ. ಒಣಗಿದ ಮರವೂ ಮಳೆಗಾಲದ ಗಾಳಿಯಿಂದ ನೀರಿನಂಶ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲಿ ಮಾತ್ರ ಕಣ್ಣಿಗೆ ಕಾಣುವಷ್ಟಿರುತ್ತದೆ. ಹಸಿ ತೇಗ ಪೂರ್ತಿ ಒಣಗುವಾಗ ವರ್ಷದ ಉಂಗುರಗಳಿಗೆ ಅಡ್ಡಲಾಗಿ ಸುಮಾರು ಎರಡೂವರೆ ಶೇಕಡ, ಉಂಗುರಗಳ ಗುಂಟ ಅದರ ಎರಡು ಪಟ್ಟಿನಷ್ಟು ಕುಗ್ಗುತ್ತದೆ. ಹೀಗೆ ಕಡಿಮೆ ಕುಗ್ಗುವ ಜಾತಿ ಎಂದೇ ತೇಗಕ್ಕೆ ಮರ್ಯಾದೆ. ಅಂಥ ತೇಗದಲ್ಲೂ ನಮ್ಮ 10 ಅಂಗುಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಸುಮಾರು 2 ಮಿಲಿಮೀಟರ್ ಹಿಗ್ಗಿ ಕುಗ್ಗಬಹುದು.

ಆ ಹಲಗೆಯ ಎರಡೂ ಅಂಚಿಗೆ ಮೊಳೆ ಹೊಡೆದು ಅಡ್ಡಪಟ್ಟಿಗೆ ಕೂರಿಸಿದ್ದಾರೆ. ಬೇಸಿಗೆಯಲ್ಲಿ ಹಲಗೆ ಕುಗ್ಗಲು ನೋಡುತ್ತದೆ, ಮೊಳೆಗಳು ಬಿಡುವುದಿಲ್ಲ. ಆಗ ಹಲಗೆ ನಡುವೆ ಸೀಳಿಕೊಳ್ಳುತ್ತದೆ. ಬೆಂಚಿನ ಮೇಲೆ ಹುಡುಗರು ಕುಣಿದರು, ಅದಕ್ಕೇ ಒಡೆಯಿತು ಎಂದು ನಾವೆಲ್ಲ ಬೈಸಿಕೊಂಡಿದ್ದೇವೆ. ಸೀಳು ನೇರವಾಗಿ ಮರದ ಎಳೆಯ ಗುಂಟ ಹೋಗಿದ್ದು, ಎರಡು ಮೊಳೆ ಸಾಲುಗಳ ನಡುವೆ ಇದ್ದರೆ ಅದು ಹುಡುಗರ ಕೆಲಸವಲ್ಲ. ಹಲಗೆಯ ಒಂದು ಅಂಚನ್ನು ಗಟ್ಟಿಯಾಗಿ ಬಿಗಿದು, ಇನ್ನೊಂದು ಅಂಚಿನ ಸ್ಕ್ರೂಗೆ ದುಂಡು ತೂತಿನ ಬದಲು ಉದ್ದನೆಯ ತೂತು ಕೊರೆದರೆ ಹಲಗೆಗೆ ಸರಿದಾಡಲು ಜಾಗ ಸಿಗುತ್ತದೆ. ಆಗ ಸೀಳುವುದಿಲ್ಲ.

ಇದೇ ಕಾರಣಕ್ಕೆ ನಿಮ್ಮ ಮನೆಯ ಬಾಗಿಲು ಆಷಾಢದಲ್ಲಿ ಬಿಗಿಯುತ್ತದೆ. ತಕ್ಷಣ ಅಂಚು ಹೆರೆದುಬಿಟ್ಟರೆ ಮಾಘ, ಫಾಲ್ಗುಣಕ್ಕೆ ಬೆರಳು ತೂರುವಷ್ಟು ಸಂದಿಯಾಗುತ್ತದೆ. ಬಿಗಿಯುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಮಳೆ ಮುಗಿದು ಬಾಗಿಲು ಒಣಗಿದ ಮೇಲೂ ಆ ಗುರುತಿನಲ್ಲಿ ಉಜ್ಜುತ್ತಿದ್ದರೆ ಆಗ ಹೆರೆಯಿರಿ. ಇನ್ನೊಂದು ಮಾತು: ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಬಣ್ಣ ಬಳಿಯದೆ ಬಿಡುವುದು ನಮ್ಮಲ್ಲಿ ವಾಡಿಕೆ. ನೀರು ಹೆಚ್ಚು ಹೀರುವುದೇ ಆ ಅಂಚುಗಳು. ಅಲ್ಲಿ ಕೊಳವೆಗಳ ಬಾಯಿ ತೆರೆದಿರುತ್ತದೆ.

ಮರ ಒಣಗಿಸುವ ಬಗ್ಗೆ ಎರಡು ಮಾತು. ತೋಟದ ಮರ ಕುಯ್ಯಿಸಿ ತಿಂಗಳೊಳಗೆ ಬಾಗಿಲು ಮಾಡಿಸುವವರಿದ್ದಾರೆ. ದಪ್ಪದ ಒಂದೊಂದು ಅಂಗುಲಕ್ಕೂ ಒಂದೊಂದು ವರ್ಷ ಎನ್ನುವುದು ಹಳೆಯ ಲೆಕ್ಕ. ಹಲಗೆಗಳನ್ನು ನೆಲದಿಂದ ಒಂದಡಿ ಮೇಲೆ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಪೇರಿಸಿ. ಎರಡಡಿಗೊಂದರಂತೆ ನಡುವೆ ಒಂದೇ ಅಳತೆಯ ರೀಪು ಇಡಿ, ರೀಪುಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರದಲ್ಲಿರಲಿ, ಇಲ್ಲವಾದರೆ ಹಲಗೆ ಸೊಟ್ಟಾಗುತ್ತದೆ. ಹಲಗೆಯ ತುದಿಗಳಿಗೆ ಬಣ್ಣ ಅಥವಾ ಮೇಣ ಹಚ್ಚಿ, ತುದಿ ಬೇಗ ಒಣಗಿ ಸೀಳುವುದು ತಪ್ಪುತ್ತದೆ.

ಒಣಗಿದ್ದು ಗೊತ್ತಾಗುವುದು ಹೇಗೆ? ಒಂದು ತುಂಡನ್ನು ಪ್ರತಿ ವಾರ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಇನ್ನೂ ಸರಿಯಾಗಿ ಅಳೆಯಬಹುದು. ಹಲಗೆಯ ನಡುವಿನ ಒಂದು ತುಂಡು 560 ಗ್ರಾಂ ಇದೆ ಎನ್ನಿ. ಅದನ್ನು 100 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಶಾಖದಲ್ಲಿ, ತೂಕ ಬದಲಾಗದ ತನಕ ಒಣಗಿಸಿದಾಗ 500 ಗ್ರಾಂ ಬಂತು. ಹೋದ ನೀರು 60 ಗ್ರಾಂ. 60ನ್ನು 500ರಿಂದ ಭಾಗಿಸಿದರೆ 12 ಶೇಕಡ. ಮನೆಯೊಳಗಿನ ಪೀಠೋಪಕರಣಕ್ಕೆ ಇದು ಒಳ್ಳೆಯ ಅಂಕಿ. ಹತ್ತನೆಯ ತರಗತಿಯ ಮಕ್ಕಳು ಇದನ್ನು ಪ್ರಾಜೆಕ್ಟ್ ಮಾಡಬಹುದು.

ಮರ ಕೊಳ್ಳುವಾಗ ಜಾತಿಗಿಂತ ಮೊದಲು ಚೇಗು ನೋಡಿ. ಮರದ ನಡುವಿನ ಗಾಢ ಬಣ್ಣದ ಗಟ್ಟಿ ಭಾಗವೇ ಚೇಗು. ತೇಗಕ್ಕೆ ಗೆದ್ದಲು ಬರುವುದಿಲ್ಲ ಎನ್ನುವುದು ಚೇಗಿನ ಮಾತು. ಅದರ ಹೊರಗಿನ ಬಿಳಿ ಭಾಗವನ್ನು ಗೆದ್ದಲೂ ತಿನ್ನುತ್ತದೆ, ಕುಟ್ಟೆ ಹುಳುವೂ ತಿನ್ನುತ್ತದೆ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಎಂದು ತಿಳಿಯಿರಿ. ಅದಕ್ಕೆ ಬೇಕಾದದ್ದು ಬಿಳಿ ಭಾಗದಲ್ಲಿರುವ ಪಿಷ್ಟ. ಹಿಂದಿನವರು ಬಿದಿರನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದುದು ಈ ಪಿಷ್ಟವನ್ನು ತೊಳೆದು ಕಳೆಯಲಿಕ್ಕೇ.

ಹಲಸು ಬಾಗಿಲು, ಪೆಟ್ಟಿಗೆಗಳಿಗೆ ಬಹಳ ಒಳ್ಳೆಯದು; ವೀಣೆ ಮಾಡುವುದೂ ಹಲಸಿನಲ್ಲೇ. ಹೊನ್ನೆ ಗಟ್ಟಿ, ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಅಕೇಶಿಯಾವನ್ನು ಸೌದೆ ಎಂದು ತಳ್ಳಿಹಾಕಬೇಡಿ, ನಿಧಾನವಾಗಿ ನೆರಳಿನಲ್ಲಿ ಒಣಗಿಸಿದರೆ ಒಳ್ಳೆಯ ಮೇಜು ಕುರ್ಚಿ ಆಗುತ್ತದೆ. ಸಿಲ್ವರ್ ಓಕ್ ಮನೆಯೊಳಗಿನ ಕೆಲಸಕ್ಕೆ ಸಾಕು, ಮಳೆಗೆ ಬೇಡ. ಬೀಟೆ, ತೇಗ ನಿಮ್ಮದೇ ಜಮೀನಿನಲ್ಲಿದ್ದರೂ ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಹಳೆಯ ಮನೆ ಕೆಡವಿದ ಮರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕುಯ್ಯುವ ಮುನ್ನ ಒಂದು ಅಯಸ್ಕಾಂತ ಓಡಿಸಿ ಒಳಗಿನ ಮೊಳೆಗಳನ್ನು ಹುಡುಕಿ ತೆಗೆಯಿರಿ, ಗರಗಸದ ಹಲ್ಲು ಉಳಿಯುತ್ತದೆ.

ಪ್ಲೈವುಡ್ ಕೊಳ್ಳುವವರು ಹಾಳೆಯ ಮೇಲಿನ ಮುದ್ರೆ ಓದಿ. ಐಎಸ್ 303 ಎಂದರೆ ಸಾಮಾನ್ಯ ಬಳಕೆಯದು. ಅದರಲ್ಲಿ ಎಂ.ಆರ್. ಎಂದಿದ್ದರೆ ಒಣ ಕೋಣೆಗೆ, ಬಿ.ಡಬ್ಲ್ಯು.ಆರ್. ಎಂದಿದ್ದರೆ ಅಡುಗೆಮನೆಯಂಥ ತೇವದ ಜಾಗಕ್ಕೆ. ಐಎಸ್ 710 ಎಂದರೆ ಇನ್ನೂ ಹೆಚ್ಚು ನೀರು ತಡೆಯುವ ಮರೈನ್ ಪ್ಲೈ. ಯಾವುದೇ ಆದರೂ ಕುಯ್ದ ಅಂಚನ್ನು ತೆರೆದು ಬಿಡಬೇಡಿ.

ಈಗ ಉಪಕರಣಗಳು. ಅಂತರ್ಜಾಲದಲ್ಲಿ ನೋಡಿದರೆ ಮರಗೆಲಸ ಶುರುಮಾಡಲು ಲಕ್ಷ ರೂಪಾಯಿಯ ಯಂತ್ರ ಬೇಕು ಅನ್ನಿಸುತ್ತದೆ. ನಮ್ಮ ಬೆಂಚು ರಿಪೇರಿಗೆ ಬೇಕಾದದ್ದು ಇಷ್ಟು: ಟೇಪು, ಮೂಲೆಮಟ್ಟ, ಗೆರೆ ಕೊರೆಯಲು ಒಂದು ಚೂಪು ಚಾಕು, ಒಂದು ಗರಗಸ, ಕಾಲಂಗುಲ, ಅರ್ಧ ಅಂಗುಲ ಮತ್ತು ಒಂದಂಗುಲದ ಮೂರು ಉಳಿ, ಮರದ ಕೊಡತಿ, ಒಂದು ಹತ್ತರಿ ಅಂದರೆ ಉಜ್ಜುಗೊರಡು, ಒಂದು ಡ್ರಿಲ್, ಒಂದು ಸಾಣೆಕಲ್ಲು. ಉಳಿಯನ್ನು ಪೇಟೆಯಲ್ಲೇ ಕೊಳ್ಳಬೇಕೆಂದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಕಮ್ಮಾರರು ಮಾಡುವ ಉಳಿ ಬಹಳ ಕಾಲ ಹರಿತ ಹಿಡಿಯುತ್ತದೆ.

ಹೊಸ ಮೂಲೆಮಟ್ಟವನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ಹಲಗೆಯ ನೇರ ಅಂಚಿಗೆ ಹಿಡಿದು ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ಬೇರೆಯಾದರೆ, ಕಾಣುವ ಅಂತರದ ಅರ್ಧದಷ್ಟು ತಪ್ಪು ಅದರಲ್ಲಿದೆ. ಚೌಕಟ್ಟು ಜೋಡಿಸಿದಾಗ ಎರಡು ಕರ್ಣಗಳನ್ನು ಅಳೆಯಿರಿ, ಅವು ಸಮವಿದ್ದರೆ ಮೂಲೆ ಸರಿಯಿದೆ. ನನ್ನ ದಿನದ ಕೆಲಸದಲ್ಲಿ ತಪ್ಪಾದರೆ ಎರಡು ಕೀಲಿ ಒತ್ತಿ ಹಿಂದಕ್ಕೆ ಹೋಗಬಹುದು. ಗರಗಸಕ್ಕೆ ಆ ಸೌಲಭ್ಯ ಇಲ್ಲ. ಆದ್ದರಿಂದ ಕುಯ್ಯುವ ಮುನ್ನ ಎರಡನೆಯ ಸಲ ಅಳೆಯುವುದಕ್ಕೆ ಬೇಸರ ಬೇಡ.

ಮೊಂಡ ಉಳಿಯೇ ಕೈ ಕುಯ್ಯುವುದು. ಅದಕ್ಕೆ ಜೋರು ಹಾಕಬೇಕು, ಜೋರು ಹಾಕಿದಾಗ ಜಾರುತ್ತದೆ. ಹರಿತ ಮಾಡುವ ಕ್ರಮ ಸರಳ. ಮೊದಲು ಉಳಿಯ ಚಪ್ಪಟೆ ಬೆನ್ನಿನ ತುದಿಯನ್ನು ಕಲ್ಲಿನ ಮೇಲೆ ಸಮ ಮಾಡಿ, ಇದು ಒಂದೇ ಸಲದ ಕೆಲಸ. ಅನಂತರ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಹಿಡಿದು ತೇಯಿರಿ. ಬೆನ್ನಿನ ಕಡೆ ಬೆರಳಿಗೆ ಸಣ್ಣ ಗರುಕು ತಾಗಿದರೆ ಅಲ್ಲಿಗೆ ಸಾಕು. ನುಣುಪು ಕಲ್ಲಿನಲ್ಲಿ ಎರಡೂ ಮುಖ ಉಜ್ಜಿ ಆ ಗರುಕು ತೆಗೆಯಿರಿ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹತ್ತು ಸಲ ಎಳೆಯಿರಿ. ಕಲ್ಲಿಲ್ಲದಿದ್ದರೆ ದಪ್ಪ ಗಾಜಿನ ಮೇಲೆ ನೀರು ಕಾಗದ ಅಂಟಿಸಿ 400, 800, 1200 ನಂಬರಿನಲ್ಲಿ ಕ್ರಮವಾಗಿ ತೇದರೂ ಆಗುತ್ತದೆ. ಗ್ರೈಂಡರ್ ಚಕ್ರಕ್ಕೆ ಹಿಡಿಯುವವರು ಮತ್ತೆ ಮತ್ತೆ ನೀರಿನಲ್ಲಿ ಅದ್ದಬೇಕು. ಅಂಚು ನೀಲಿ ತಿರುಗಿದರೆ ಉಕ್ಕಿನ ಹದ ಹೋಯಿತು ಎಂದರ್ಥ, ಆ ಭಾಗವನ್ನು ತೇದು ತೆಗೆಯದೆ ಹರಿತ ನಿಲ್ಲುವುದಿಲ್ಲ.

ಈಗ ಬೆಂಚಿನ ಎರಡನೆಯ ರೋಗಕ್ಕೆ ಬರೋಣ, ಅಲ್ಲಾಡುವ ಕಾಲು. ಕಾಲಿನಲ್ಲಿ ಕೊರೆದದ್ದನ್ನು ಗೂಡು ಎನ್ನೋಣ, ಅಡ್ಡಪಟ್ಟಿಯ ತುದಿಯಲ್ಲಿ ಕೆತ್ತಿದ್ದನ್ನು ನಾಲಿಗೆ ಎನ್ನೋಣ. ಹೊಸದಾಗಿ ಮಾಡುವಾಗ ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ ಇದ್ದರೆ ಗೂಡಿನ ಗೋಡೆಗೂ ಬಲ, ನಾಲಿಗೆಗೂ ಬಲ. ಸಂದು ಸಡಿಲವಾದಾಗ ಎಲ್ಲರೂ ಮಾಡುವುದು ಒಂದು ಮೂರಂಗುಲದ ಮೊಳೆ ಹೊಡೆಯುವುದು. ಆ ಮೊಳೆ ನಾಲಿಗೆಯನ್ನು ಸೀಳುತ್ತದೆ, ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹಿಂದಿನ ಕೋಣೆಯಲ್ಲಿ ನಿಜವಾಗಿ ಹಾಳಾದ ಕಾಲುಗಳೆಲ್ಲ ಹೀಗೆ ರಿಪೇರಿ ಆದವೇ.

ಸರಿಯಾದ ದಾರಿ ಹೀಗೆ. ಸಂದನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿ ಬಿಚ್ಚಿ. ಹಳೆಯ ಅಂಟನ್ನು ಉಳಿಯಿಂದ ಕೆರೆದು ತೆಗೆಯಿರಿ, ಏಕೆಂದರೆ ಒಣಗಿದ ಫೆವಿಕಾಲ್ ಮೇಲೆ ಹೊಸ ಫೆವಿಕಾಲ್ ಹಿಡಿಯುವುದಿಲ್ಲ. ನಾಲಿಗೆ ಸವೆದಿದ್ದರೆ ಅದರ ಕೆನ್ನೆಗೆ ತೆಳ್ಳನೆಯ ಮರದ ಸಿಬಿರು ಅಂಟಿಸಿ, ಒಣಗಿದ ಮೇಲೆ ಹೆರೆದು ಹೊಂದಿಸಿ. ಕೈಯಿಂದ ಅರ್ಧ ಹೋಗಬೇಕು, ಉಳಿದರ್ಧ ಕೊಡತಿಯ ಸಣ್ಣ ಪೆಟ್ಟಿಗೆ ಹೋಗಬೇಕು, ಅದು ಹದ. ಆಮೇಲೆ ಬಿದಿರಿನ ಗೂಟ. ಗೂಡಿನ ಗೋಡೆಗೆ ತೂತು ಕೊರೆದು, ನಾಲಿಗೆ ತೂರಿಸಿ, ತೂತಿನ ನಡುವನ್ನು ನಾಲಿಗೆಯ ಮೇಲೆ ಗುರುತಿಸಿ ಹೊರಗೆ ತೆಗೆಯಿರಿ. ನಾಲಿಗೆಯ ತೂತನ್ನು ಆ ಗುರುತಿಗಿಂತ 1 ಮಿಲಿಮೀಟರ್ ಬುಡದ ಕಡೆಗೆ ಸರಿಸಿ ಕೊರೆಯಿರಿ. ಚೂಪು ಮಾಡಿದ ಗೂಟ ಹೊಡೆದಾಗ ಅದು ನಾಲಿಗೆಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಅಂಟು ಹೋದರೂ ಈ ಸಂದು ನಿಲ್ಲುತ್ತದೆ.

ಸೀಳಿದ ಹಲಗೆಗೆ, ಸೀಳಿನ ಗುಂಟ ನೇರವಾಗಿ ಕುಯ್ದು, ಎರಡೂ ಅಂಚನ್ನು ಹತ್ತರಿಯಿಂದ ಬೆಳಕು ತೂರದ ಹಾಗೆ ಹೊಂದಿಸಿ, ಅಂಟು ಹಚ್ಚಿ ಬಿಗಿಯಿರಿ. ಕ್ಲಾಂಪ್ ಇಲ್ಲವೇ? ಒಂದು ದಪ್ಪ ಹಲಗೆಯ ಮೇಲೆ ಎರಡು ಕಡೆ ಪಟ್ಟಿ ಹೊಡೆದು, ಒಂದು ಬದಿಯ ಸಂದಿಗೆ ಎದುರು ಬದುರು ಎರಡು ಬೆಣೆ ಬಡಿದರೆ ಅದೇ ಕ್ಲಾಂಪ್. ಒಂದು ಹಗಲು ಒಂದು ರಾತ್ರಿ ಬಿಡಿ. ಅಂಚಿಗೆ ಅಂಚು ಸರಿಯಾಗಿ ಕೂತರೆ ಅಂಟಿನ ಗೆರೆ ಮರದಷ್ಟೇ ಗಟ್ಟಿ. ಮರದ ತುದಿಗೆ ಮಾತ್ರ ಅಂಟನ್ನು ನಂಬಬೇಡಿ, ತುದಿ ಅಂಟನ್ನು ಕುಡಿದುಬಿಡುತ್ತದೆ.

ಮೇಲ್ಮೈಗೆ ಅರಗಿನ ಪಾಲಿಷ್ ಚೆಂದ, ಆದರೆ ಒದ್ದೆ ನೀರಿನ ಬಾಟಲಿ ಇಟ್ಟಲ್ಲಿ ಬಿಳಿ ಉಂಗುರ ಬೀಳುತ್ತದೆ. ಶಾಲೆಯ ಬೆಂಚಿಗೆ ಅಗಸೆ ಎಣ್ಣೆ ಅಥವಾ ಸಾಮಾನ್ಯ ವಾರ್ನಿಷ್ ಸಾಕು. ಗೇರೆಣ್ಣೆ ಮಾಡಿನ ತೊಲೆ, ಪಕಾಸಿಗೆ ಒಳ್ಳೆಯದು. ಚರ್ಮ ಸುಡುವುದರಿಂದ ಮಕ್ಕಳು ಕೂರುವ ಜಾಗಕ್ಕೆ ಬೇಡ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಒಣಹಾಕಿ.

ಇನ್ನೊಂದು ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕಬ್ಬಿಣ ಕುಯ್ಯುವ ಕೈ ಗ್ರೈಂಡರ್‌ಗೆ ಮರ ಕುಯ್ಯುವ ಹಲ್ಲಿನ ಚಕ್ರ ಹಾಕಿ, ಗಾರ್ಡ್ ಕಿತ್ತು ಕೆಲಸ ಮಾಡುವುದನ್ನು ಎಲ್ಲ ಕಡೆ ನೋಡುತ್ತೇವೆ. ಅದರ ವೇಗ ಮರಕ್ಕೆ ಹೇಳಿದ್ದಲ್ಲ. ಹಲ್ಲು ಸಿಕ್ಕಿಕೊಂಡರೆ ಯಂತ್ರ ನಮ್ಮ ಮೇಲೆಯೇ ಹಾರುತ್ತದೆ. ಹತ್ತು ನಿಮಿಷ ಉಳಿಸಲು ಹೋಗಿ ಬೆರಳು ಕಳೆದುಕೊಳ್ಳಬೇಡಿ. ಯಂತ್ರದ ಹತ್ತಿರ ಸಡಿಲ ಬಟ್ಟೆ ಬೇಡ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಉಳಿ ಹಿಡಿದಾಗ ಎರಡೂ ಕೈ ಅಂಚಿನ ಹಿಂದೆಯೇ ಇರಲಿ.

ಇದನ್ನೇ ವೃತ್ತಿಯಾಗಿ ಕಲಿಯಬೇಕೆನ್ನುವ ಮಕ್ಕಳಿಗೆ ಐಟಿಐಯಲ್ಲಿ ಬಡಗಿ ವೃತ್ತಿಯ ತರಬೇತಿ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ಯಂತ್ರಗಳ ಮೇಲೆ ಮರಗೆಲಸ ಕಲಿಸುವ ಕೇಂದ್ರವಿದೆ. ಈಗಾಗಲೇ ಬಡಗಿ ಕೆಲಸ ಮಾಡುತ್ತಿರುವವರು 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ಪಂಚಾಯಿತಿಯಲ್ಲಿ ವಿಚಾರಿಸಿ. ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವಿದೆ.

ಕೊನೆಯದಾಗಿ ಸಮಿತಿಯ ಮುಂದೆ ಒಂದು ಕೋರಿಕೆ. ಹರಾಜನ್ನು ಒಂದು ಬೇಸಿಗೆ ಮುಂದಕ್ಕೆ ಹಾಕಿ. ಇದು ಸರ್ಕಾರದ ಸ್ವತ್ತು, ಆದ್ದರಿಂದ ಮುಖ್ಯೋಪಾಧ್ಯಾಯರ ಮೂಲಕ ಇಲಾಖೆಯ ಒಪ್ಪಿಗೆ ಪಡೆದೇ ಮುಂದುವರಿಯೋಣ. ಮೇಲೆ ಹೇಳಿದ ಉಪಕರಣಗಳ ಎರಡು ಜೊತೆಯನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ. ಊರಿನ ಇಬ್ಬರು ಬಡಗಿಗಳನ್ನು ಪೂರ್ತಿ ಕೂಲಿ ಕೊಟ್ಟು ಮೇಷ್ಟ್ರುಗಳಾಗಿ ಕರೆಯೋಣ. ಬಿಟ್ಟಿ ಸೇವೆ ಕೇಳುವುದು ಬೇಡ, ಅವರ ವಿದ್ಯೆಗೂ ಸಂಬಳ ಇರಬೇಕು. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ನಾನು ಬರುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳು, ಹುಡುಗಿಯರೂ ಸೇರಿ, ಅಳೆಯುವುದು, ಮೊಳೆ ಕೀಳುವುದು, ಉಜ್ಜುವುದು, ಗೂಟ ಕೆತ್ತುವುದು ಮಾಡಲಿ. ಯಂತ್ರ ಅವರ ಕೈಗೆ ಬೇಡ. ಗೆದ್ದಲು ತಿಂದ ಬೆಂಚುಗಳ ಒಳ್ಳೆಯ ಭಾಗ ಉಳಿದವಕ್ಕೆ ತೇಪೆಯಾಗುತ್ತದೆ. 36ರಲ್ಲಿ 25 ಜೊತೆ ಎದ್ದು ನಿಂತರೂ ಒಂದು ಇಡೀ ತರಗತಿ ಕೂರುವಷ್ಟು ಆಗುತ್ತದೆ.

ಆಗದೇ ಹೋದರೆ ಮುಂದಿನ ಬೇಸಿಗೆಗೆ ಹರಾಜು ಹಾಕಿ, ನಾನು ತಕರಾರು ಮಾಡುವುದಿಲ್ಲ. ಸೌದೆಗೆ ಯಾವತ್ತೂ ಗಿರಾಕಿ ಇದ್ದೇ ಇರುತ್ತದೆ. ಹೆಸರು ಕೊಡುವವರು ಊಟವಾದ ಮೇಲೆ ಹಿಂದಿನ ಕೋಣೆಯ ಹತ್ತಿರ ಬನ್ನಿ, ಬೀಗದ ಕೈ ಈಗ ನನ್ನ ಹತ್ತಿರವಿದೆ.

 ನಮ್ಮ ಶಾಲೆ ನೂರು ವರ್ಷ ಬಾಳಲಿ. ಜೈ ಹಿಂದ್, ಜೈ ಕರ್ನಾಟಕ.